ಮನೆಗೆ ಬಂದ ಮೇಲೂ ತೆರೆಯುವ ಕೊಂಡಿ

ತುಳುವಿನ ಜನಪದ ಕಥನಗೀತೆಗಳಾದ ಪಾಡ್ದನಗಳ ಬಗ್ಗೆ ಬರೆಯಲೆಂದು ಮಂಗಳೂರಿನ ಗ್ರಂಥಾಲಯವೊಂದರಲ್ಲಿ ಇಡೀ ಮಧ್ಯಾಹ್ನ ಕುಳಿತು ಇಪ್ಪತ್ತೆರಡು ಲೇಖನ ಹುಡುಕಿದ್ದೆ. ಬ್ರೌಸರಿನ ಮೇಲ್ತುದಿಯಲ್ಲಿದ್ದ ವಿಳಾಸಗಳನ್ನು ಹಾಗೆಯೇ ನಕಲಿಸಿ ನನಗೇ ಇಮೇಲ್ ಮಾಡಿಕೊಂಡೆ. ರಾತ್ರಿ ಸುರತ್ಕಲ್‌ನ ಮನೆಯಲ್ಲಿ ತೆರೆದರೆ ಎಲ್ಲದರದ್ದೂ ಒಂದೇ ಉತ್ತರ: ‘ಅವಧಿ ಮುಗಿದಿದೆ’.

ತಪ್ಪು ನನ್ನದೇ. ಡೇಟಾಬೇಸ್‌ನಲ್ಲಿ ಹುಡುಕುವಾಗ ಕಾಣುವ ಆ ಉದ್ದನೆಯ ವಿಳಾಸ ಹಲವು ಬಾರಿ ಆ ಹೊತ್ತಿನ ಲಾಗಿನ್‌ಗೆ ಮಾತ್ರ ಸೇರಿದ್ದು. ಸಿಟಿ ಬಸ್ಸಿನ ಟಿಕೆಟ್ ಇದ್ದಂತೆ, ಇಳಿದ ಮೇಲೆ ಬೆಲೆಯಿಲ್ಲ.

ಮನೆಯಲ್ಲೂ ತೆರೆಯುವ ಕೊಂಡಿ (ಲಿಂಕ್) ಬೇಕಿದ್ದರೆ, ಮೊದಲು ಫಲಿತಾಂಶಗಳ ಪಟ್ಟಿ ಬಿಟ್ಟು ಲೇಖನದ ಪುಟಕ್ಕೇ ಹೋಗಿ. ಅಲ್ಲಿ ಡಿಒಐ, ಅಂದರೆ ಲೇಖನದ ಶಾಶ್ವತ ಗುರುತುಸಂಖ್ಯೆ, ಹುಡುಕಿ. ‘10’ ಮತ್ತು ಚುಕ್ಕೆಯಿಂದ ಶುರುವಾಗಿ ನಡುವೆ ಓರೆಗೆರೆ ಇರುವ ಗುರುತು ಅದು. ಅದರ ಆರಂಭಕ್ಕೆ ಡಿಒಐ ಡಾಟ್ ಆರ್ಗ್ ಮತ್ತು ಒಂದು ಓರೆಗೆರೆ ಸೇರಿಸಿದರೆ ಕೊಂಡಿ ಸಿದ್ಧ. ಪ್ರಕಾಶಕರು ಜಾಲತಾಣ ಬದಲಿಸಿದರೆ ಹೊಸ ವಿಳಾಸವನ್ನು ಅದೇ ಡಿಒಐಗೆ ನೋಂದಾಯಿಸಬೇಕು. ನಿಮ್ಮ ಟಿಪ್ಪಣಿ ತಿದ್ದಬೇಕಾಗಿಲ್ಲ. ಪಿಡಿಎಫ್‌ನಿಂದ ನಕಲಿಸುವಾಗ ವಾಕ್ಯದ ಕೊನೆಯ ಪೂರ್ಣವಿರಾಮವೂ ಅಂಟಿಕೊಂಡು ಬರುವುದುಂಟು. ಅದನ್ನು ಅಳಿಸಿ, ಆ ಒಂದು ಚುಕ್ಕೆಗೇ ಕೊಂಡಿ ಕೆಟ್ಟುಹೋಗುತ್ತದೆ.

ಹಳೆಯ ಲೇಖನಗಳಿಗೆ ಡಿಒಐ ಇಲ್ಲದಿರಬಹುದು. ಆಗ ಜೆಸ್ಟೋರ್, ಎಬ್ಸ್ಕೊದಂಥ ಲೇಖನ ಸಂಗ್ರಹಗಳು ಕೊಡುವ ಶಾಶ್ವತ ಕೊಂಡಿ ಬಳಸಿ: ಜೆಸ್ಟೋರ್‌ನಲ್ಲಾದರೆ ‘ಸ್ಟೇಬಲ್ ಯುಆರ್‌ಎಲ್’, ಎಬ್ಸ್ಕೊದಲ್ಲಾದರೆ ‘ಪರ್ಮಾಲಿಂಕ್’ ನಕಲಿಸಿ. ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳ ಸಂಗ್ರಹವಾದ ಶೋಧಗಂಗಾದಲ್ಲಿ ಪ್ರಬಂಧಗಳಿಗೆ 10603ರಿಂದ ಆರಂಭವಾಗುವ ಹ್ಯಾಂಡಲ್, ಅಂದರೆ ಡಿಒಐನಂಥದ್ದೇ ಶಾಶ್ವತ ಗುರುತು, ಇರುತ್ತದೆ.

ಮನೆಯಲ್ಲಿ ತೆರೆದಾಗ ಹಣ ಕೇಳಿದರೆ ಗಾಬರಿ ಬೇಡ. ಕೊಂಡಿ ಸರಿಯಾಗಿಯೇ ಇದೆ. ನೀವು ಚಂದಾ ಕಟ್ಟಿದ ಸಂಸ್ಥೆಯವರೆಂದು ಆ ತಾಣಕ್ಕೆ ಗೊತ್ತಾಗಿಲ್ಲ, ಅಷ್ಟೆ. ಕೆಲವು ಗ್ರಂಥಾಲಯಗಳಲ್ಲಿ ಕೊಂಡಿಯ ಆರಂಭಕ್ಕೆ ಪ್ರಾಕ್ಸಿಯ (ನಿಮ್ಮನ್ನು ಗ್ರಂಥಾಲಯದ ಮೂಲಕವೇ ಆ ತಾಣಕ್ಕೆ ಕಳಿಸುವ ಸರ್ವರ್‌ನ) ವಿಳಾಸ ಜೋಡಿಸಬೇಕು, ಕೆಲವೆಡೆ ಇನ್‌ಫೆಡ್ (ಸಂಸ್ಥೆಯ ಖಾತೆಯಿಂದಲೇ ಇಂಥ ತಾಣಗಳಿಗೆ ಪ್ರವೇಶ ಕೊಡುವ ವ್ಯವಸ್ಥೆ) ಮೂಲಕ ಲಾಗಿನ್ ಆಗಬೇಕು. ನಿಮ್ಮಲ್ಲಿ ಯಾವುದೆಂದು ಗ್ರಂಥಪಾಲಕರನ್ನೇ ಕೇಳಿ. ಪ್ರಾಕ್ಸಿ ಜೋಡಿಸಿದ ಕೊಂಡಿ ನಿಮ್ಮ ಸ್ವಂತ ಬಳಕೆಗೆ ಮಾತ್ರ. ಪ್ರಬಂಧದ ಅಡಿಟಿಪ್ಪಣಿಯಲ್ಲಿ ಅದನ್ನು ಹಾಕಿದರೆ ಬೇರೆ ವಿಶ್ವವಿದ್ಯಾಲಯದ ಓದುಗರು ನಿಮ್ಮ ಗ್ರಂಥಾಲಯದ ಲಾಗಿನ್ ಪುಟದೆದುರು ನಿಂತಿರುತ್ತಾರೆ.

ಗ್ರಂಥಾಲಯದಿಂದ ಹೊರಡುವ ಮೊದಲೇ ಮೊಬೈಲ್‌ನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಒಂದೆರಡು ಕೊಂಡಿ ತೆರೆದು ನೋಡಿ. ಪ್ರತಿ ಕೊಂಡಿಯ ಪಕ್ಕದಲ್ಲಿ ಲೇಖಕರು, ಶೀರ್ಷಿಕೆ, ಪತ್ರಿಕೆ, ವರ್ಷ ಬರೆದಿಡಿ. ನನ್ನ ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಮರಳಿ ಸಿಕ್ಕವು. ಉಳಿದ ಮೂರರ ಶೀರ್ಷಿಕೆ ನನಗೆ ಇವತ್ತಿಗೂ ನೆನಪಾಗಿಲ್ಲ.