ಮಾದರಿ ರೈಲು: ಹಳಿ ಕೊಳ್ಳುವ ಮೊದಲು ಸ್ಕೇಲ್ ಆರಿಸುವುದು ಹೇಗೆ?

ಮನೆಯಲ್ಲಿ ಮಾದರಿ ರೈಲು ಓಡಿಸಬೇಕೆಂದಿರುವವರು ಸಾಮಾನ್ಯವಾಗಿ ಮೊದಲು ಕೋಣೆಯನ್ನು ಅಳೆಯುತ್ತಾರೆ. ಅದಕ್ಕೂ ಮುಂಚೆ ಮೈಸೂರು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ನಿಂತು, ಉದ್ದನೆಯ ಗಾಡಿ ತಿರುವಿನಲ್ಲಿ ಮರೆಯಾಗುವುದು ನಿಮಗೆ ಹೆಚ್ಚು ಖುಷಿ ಕೊಡುತ್ತದೆಯೋ, ಎಂಜಿನ್ ನಿಧಾನವಾಗಿ ಬಂದು ಬೋಗಿಗೆ ಕೊಂಡಿ ಹಾಕಿಕೊಳ್ಳುವುದೋ ಎಂಬುದನ್ನು ಗಮನಿಸಿ. ಸ್ಕೇಲಿನ, ಅಂದರೆ ನಿಜವಾದ ಗಾಡಿಯನ್ನು ಎಷ್ಟು ಪಟ್ಟು ಕುಗ್ಗಿಸಬೇಕೆಂಬ ಅಳತೆಯ, ಆಯ್ಕೆ ಇದರ ಮೇಲೂ ನಿಂತಿದೆ.

ನಂತರ ರಟ್ಟು, ಕತ್ತರಿ ತೆಗೆದುಕೊಳ್ಳಿ. ಇಂದಿನ ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಕಾಣುವ ಎಲ್‌ಎಚ್‌ಬಿ ಮಾದರಿಯ ಬೋಗಿಯ ಉದ್ದ ಸುಮಾರು 24 ಮೀಟರ್; 87 ಪಟ್ಟು ಕುಗ್ಗಿಸುವ, ಅಂದರೆ 1:87ರ ಎಚ್‌ಒ ಸ್ಕೇಲಿನಲ್ಲಿ ಅದು 27.5 ಸೆಂ.ಮೀ., 1:160ರ ಎನ್ ಸ್ಕೇಲಿನಲ್ಲಿ 15 ಸೆಂ.ಮೀ. ಆಗುತ್ತದೆ. ಎರಡೂ ಅಳತೆಯಲ್ಲಿ ಹತ್ತು ಹತ್ತು ಪಟ್ಟಿ ಕತ್ತರಿಸಿ ನೆಲದ ಮೇಲೆ ಸಾಲಾಗಿ ಇಡಿ. ಎಚ್‌ಒ ಗಾಡಿ ಎರಡೂಮುಕ್ಕಾಲು ಮೀಟರ್ ಚಾಚಿಕೊಂಡರೆ, ಎನ್ ಗಾಡಿ ಒಂದೂವರೆ ಮೀಟರಿಗೆ ಮುಗಿಯುತ್ತದೆ. ಒಂಟಿ ಮಂಚದಷ್ಟು ಹಲಗೆಯ ಮೇಲೆ ಮಂಡ್ಯದ ಭತ್ತದ ಗದ್ದೆ, ಕಬ್ಬಿನ ತೋಟ, ಕಾವೇರಿಯ ಸೇತುವೆ ಎಲ್ಲವನ್ನೂ ಕೂರಿಸಿ, ಅವುಗಳ ನಡುವೆ ಇಡೀ ಗಾಡಿಯನ್ನು ಸುತ್ತಿಸಲು ಎನ್ ಸ್ಕೇಲಿಗೆ ಸಾಧ್ಯ. ಆದರೆ ಆ ಗದ್ದೆಯಲ್ಲಿ ನಿಂತ ರೈತನ ತಲೆ ಒಂದು ರಾಗಿ ಕಾಳಿನಷ್ಟೇ ಇರುತ್ತದೆ. ಅದಕ್ಕೆ ರುಮಾಲಿನ ಬಣ್ಣ ಹಚ್ಚುವುದು ಎಲ್ಲರ ಕಣ್ಣಿಗೂ ಕೈಗೂ ಒಗ್ಗುವ ಕೆಲಸವಲ್ಲ.

ಜಾಗ ಕಡಿಮೆಯಿದ್ದರೆ ಚಿಕ್ಕ ಸ್ಕೇಲೇ ಗತಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಗೋಡೆಗೆ ಆರಡಿ ಉದ್ದ, ಒಂದಡಿ ಅಗಲದ ಹಲಗೆ ಹೊಡೆದು, ಮೂರು ಕವಲು ಹಳಿ ಹಾಕಿ, ಒಂದು ಎಂಜಿನ್, ಐದು ಗೂಡ್ಸ್ ವ್ಯಾಗನ್ ಇಟ್ಟುಕೊಂಡರೆ ಎಚ್‌ಒದಲ್ಲಿ ಷಂಟಿಂಗ್ ಮಾಡುತ್ತ, ಅಂದರೆ ವ್ಯಾಗನ್‌ಗಳನ್ನು ಬಿಡಿಸಿ ಜೋಡಿಸುತ್ತ, ಸಂಜೆಯೆಲ್ಲ ಕಳೆಯಬಹುದು. ತೂಕ ಹೆಚ್ಚಿರುವುದರಿಂದ ಚಕ್ರ ಹಳಿಯನ್ನು ಚೆನ್ನಾಗಿ ಒತ್ತಿಕೊಂಡು ವಿದ್ಯುತ್ ಪಡೆಯುತ್ತದೆ, ಎಂಜಿನ್ ಆಮೆಗತಿಯಲ್ಲೂ ತಡವರಿಸದೆ ಸಾಗುತ್ತದೆ. ಎನ್‌ನಲ್ಲಾದರೆ ಹಳಿಯ ಮೇಲಿನ ಒಂದಿಷ್ಟು ಧೂಳೂ ಗಾಡಿಯನ್ನು ನಿಲ್ಲಿಸಬಹುದು.

ಮೈಸೂರು–ಬೆಂಗಳೂರು ಮಾರ್ಗದ ಹಳೆಯ ಮೀಟರ್‌ಗೇಜ್ ಗಾಡಿಗಳನ್ನು ಮರೆಯದವರಿಗೆ ಇನ್ನೊಂದು ದಾರಿಯಿದೆ. ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ. 1676 ಮಿ.ಮೀ.ನ ನಮ್ಮ ಬ್ರಾಡ್‌ಗೇಜ್ ಎಚ್‌ಒ ಅಳತೆಗೆ ಇಳಿದಾಗ 19 ಮಿ.ಮೀ. ದಾಟುತ್ತದೆ, ಅಂಗಡಿಯ ಎಚ್‌ಒ ಹಳಿಯಾದರೋ 16.5 ಮಿ.ಮೀ. ಮಾತ್ರ. ಮೀಟರ್‌ಗೇಜ್ 11.5 ಮಿ.ಮೀ.ಗೆ ಇಳಿಯುವುದರಿಂದ, 12 ಮಿ.ಮೀ. ಹಳಿ ಅದಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಟೇಪು ಹಿಡಿದು ಹೋಗಿ, ಹಳೆಯ ಎಂಜಿನ್ನಿನ ಚಕ್ರದ ಎತ್ತರ, ಬೋಗಿಯ ಕಿಟಕಿಯ ಅಗಲ ಬರೆದುಕೊಂಡು ಬನ್ನಿ. ಪ್ರತಿ ಅಳತೆಯನ್ನೂ 87ರಿಂದ ಭಾಗಿಸಿದರೆ ಮಾದರಿಯ ನಕ್ಷೆ ಸಿದ್ಧವಾಗುತ್ತದೆ.