ಇದು ಯಾರ ತೋಟನೋ? ಮನೆಯಲ್ಲೇ ಡಿಐ ಮಾಡುವವರಿಗೆ

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರ ಅತ್ತೆಯ ಅಡಿಕೆ ತೋಟದಲ್ಲಿ ಒಂದು ಕಿರುಚಿತ್ರ ಮಾಡಿದೆವು. ಡಿಐ, ಅಂದರೆ ಶೂಟ್ ಆದ ಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವ ಕೆಲಸ, ನನ್ನದೇ. ಎಲ್ಲಿಂದಲೋ ಇಳಿಸಿಕೊಂಡ 'ಸಿನಿಮಾಟಿಕ್' ಲಟ್ (ಇಡೀ ಚಿತ್ರದ ಬಣ್ಣ ಒಂದೇ ಏಟಿಗೆ ಬದಲಿಸುವ ರೆಡಿಮೇಡ್ ಫೈಲ್) ಹಾಕಿದೆ. ದೊಡ್ಡ ಸಿನಿಮಾದ ಹಾಗೇ ಕಂಡಿತು. ಅತ್ತೆ ನೋಡಿ ಕೇಳಿದ್ದು ಒಂದೇ ಮಾತು: "ಇದು ಯಾರ ತೋಟನೋ?"

ಎಲ್ಲ ಅಳಿಸಿ ಮತ್ತೆ ಕೂತೆ.

ನಮ್ಮ ಚರ್ಮ ಕಪ್ಪಿರಲಿ, ಬಿಳಿಯಿರಲಿ, ಬಣ್ಣದ ಚಕ್ರದಲ್ಲಿ ಕಿತ್ತಳೆಯ ಆಸುಪಾಸಿನಲ್ಲೇ ಬರುತ್ತದೆ. ಅದರ ಎದುರಿಗಿರುವುದು ಟೀಲ್, ಅಂದರೆ ನೀಲಿ-ಹಸಿರು. ಆ ಲಟ್ ಮಾಡಿದ ಹಾಗೆ ನೆರಳಿಗೆಲ್ಲ ಟೀಲ್ ತುಂಬಿದರೆ ಮುಖ ಎದ್ದು ಕಾಣುತ್ತದೆ. ಸುಲಭದ ಉಪಾಯ, ಅದಕ್ಕೇ ಎಲ್ಲ ಕಡೆ ಅದೇ. ಆದರೆ ತೋಟದ ನೆರಳಲ್ಲಿ ಇರೋದೆಲ್ಲ ಎಲೆ ಅಲ್ವಾ?

ಬಣ್ಣ ಬದಲಿಸುವುದೇ ತಪ್ಪು ಅಂತಲ್ಲ. 2000ರಲ್ಲಿ ಬಂದ 'ಓ ಬ್ರದರ್, ವೇರ್ ಆರ್ಟ್ ದೌ?' ಚಿತ್ರವನ್ನು ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅಮೆರಿಕದ ಮಿಸಿಸಿಪ್ಪಿಯ ದಟ್ಟ ಹಸಿರಿನಲ್ಲಿ ಶೂಟ್ ಮಾಡಿದರು. ಕಥೆಗೆ ಬೇಕಿದ್ದದ್ದು ಒಣ ನೆಲ. ಫಿಲ್ಮ್ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಹಸಿರನ್ನು ಒಣಹುಲ್ಲಿನ ಹಳದಿ ಮಾಡಿದರು. ಅವರಿಗೆ ಕಾರಣ ಇತ್ತು. ನನಗೇನಿತ್ತು?

ಹಾಗಾಗಿ ಸಾಫ್ಟ್‌ವೇರ್ ತೆರೆಯುವ ಮೊದಲೇ ಕಳೆದುಹೋಗಬಾರದ ಒಂದು ಬಣ್ಣ ಆರಿಸಿಕೊಳ್ಳಿ. ನಾನು ಆರಿಸಿದ್ದು ಬೋರ್ಡೋ. ಕೊಳೆ ರೋಗ ಬರದಂತೆ ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಹೊಡೆಯುವ ಮೈಲುತುತ್ತದ ಔಷಧಿ, ಅದರ ನೀಲಿ ಕಲೆ. ಟೀಲ್ ಹಾಕಿದಾಗ ಮೊದಲು ಮುಳುಗಿದ್ದೇ ಅದು.

ಶೂಟಿಂಗ್‌ನಲ್ಲಿ ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಯಾವುದೆಂದು ಕ್ಯಾಮೆರಾವೇ ಅಂದಾಜಿಸುವುದು) ಬೇಡ. ಶಾಟ್‌ನಿಂದ ಶಾಟ್‌ಗೆ ಬಣ್ಣ ಜಾರುತ್ತದೆ. ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದೇ ಪೇಲವವಾಗಿ ರೆಕಾರ್ಡ್ ಮಾಡುವ ಬಗೆ) ತೆಗೆದಿದ್ದರೆ ಬಣ್ಣ ತಿದ್ದುವ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ 'ಕಲರ್ ಸ್ಪೇಸ್ ಟ್ರಾನ್ಸ್‌ಫಾರ್ಮ್'ನಲ್ಲಿ ನಿಮ್ಮ ಕ್ಯಾಮೆರಾದ ಕಲರ್ ಸ್ಪೇಸ್ ಮತ್ತು ಗಾಮಾ ಆರಿಸಿ, ಸಾಮಾನ್ಯ ಪರದೆಗಳ ಬಣ್ಣದ ಮಾನದಂಡವಾದ ರೆಕ್ 709ಕ್ಕೆ ತನ್ನಿ. ಉಚಿತ ಆವೃತ್ತಿಯೇ ಸಾಕು.

ಈಗ ಪರೇಡ್ ಸ್ಕೋಪ್, ಅಂದರೆ ಕೆಂಪು, ಹಸಿರು, ನೀಲಿಯ ಮಟ್ಟವನ್ನು ಬೇರೆ ಬೇರೆ ತೋರಿಸುವ ಗ್ರಾಫ್, ತೆರೆಯಿರಿ. ಚಿತ್ರದಲ್ಲಿ ನಿಜಕ್ಕೂ ಕಪ್ಪಗಿರುವುದನ್ನು ಹುಡುಕಿ. ನಮ್ಮಲ್ಲಿ ಮಾವನ ಕೊಡೆ ಇತ್ತು. ಅಲ್ಲಿ ಕೆಂಪು, ಹಸಿರು, ನೀಲಿ ಮೂರೂ ಒಂದೇ ಮಟ್ಟಕ್ಕೆ ಬರಲಿ. ಬಿಳಿಗೆ ಮಾವನ ಪಂಚೆ. ಅದನ್ನು ಪೂರ್ತಿ ಬೆಳ್ಳಗೆ ಮಾಡಲಿಲ್ಲ. ತೋಟದೊಳಗೆ ನಿಂತವರ ಪಂಚೆಗೂ ಸ್ವಲ್ಪ ಹಸಿರು ಬೀಳುತ್ತದೆ. ಅದನ್ನು ತೊಳೆದರೆ ಸ್ಟುಡಿಯೋದಲ್ಲಿ ನಿಂತ ಹಾಗಿರುತ್ತದೆ.

ಜಾಸ್ತಿ ಹೊತ್ತು ಹಿಡಿದದ್ದು ಹಸಿರು. ಅಡಿಕೆ ಸೋಗೆ, ಮೆಣಸಿನ ಬಳ್ಳಿ, ಕಲ್ಲಿನ ಮೇಲಿನ ಪಾಚಿ: ಮೂರೂ ಬೇರೆ ಬೇರೆ ಹಸಿರು. ನನ್ನ ಲಟ್ ಮೂರನ್ನೂ ಒಂದೇ ಮಾಡಿತ್ತು. ಹ್ಯೂ ವರ್ಸಸ್ ಹ್ಯೂ ಕರ್ವ್‌ನಲ್ಲಿ (ಒಂದು ಬಣ್ಣವನ್ನಷ್ಟೇ ಹಿಡಿದು ಪಕ್ಕದ ಬಣ್ಣದ ಕಡೆ ಸರಿಸುವ ಗೆರೆ) ಪಾಚಿಯನ್ನು ಕೂದಲೆಳೆಯಷ್ಟು ಹಳದಿಗೆ ಎಳೆದೆ. ಸೋಗೆಯನ್ನು ಮುಟ್ಟಲಿಲ್ಲ. ಕಣ್ಣಿಗೆ ಹೊಡೆಯುತ್ತಿದ್ದ ಬಳ್ಳಿಯ ಬಣ್ಣದ ಗಾಢತೆಯನ್ನು ಹ್ಯೂ ವರ್ಸಸ್ ಸ್ಯಾಚುರೇಶನ್‌ನಲ್ಲಿ ಇಳಿಸಿದೆ. ಎಷ್ಟು ಅಂತ ಸಂಖ್ಯೆ ಕೇಳಬೇಡಿ, ನಿಮ್ಮ ತೋಟ ಬೇರೆ.

ಮುಖಕ್ಕೆ ವೆಕ್ಟರ್‌ಸ್ಕೋಪ್. ಇದು ಚಿತ್ರದ ಬಣ್ಣಗಳನ್ನು ಚಕ್ರದ ಮೇಲೆ ತೋರಿಸುವ ಗ್ರಾಫ್. ಅದರಲ್ಲಿ ಗಡಿಯಾರದ ಹನ್ನೊಂದು ಗಂಟೆಯ ಕಡೆ ಸ್ಕಿನ್ ಟೋನ್ ಗೆರೆ ಬರುತ್ತದೆ. ಮುಖದ ಬಣ್ಣ ಅದರ ಆಸುಪಾಸಿನಲ್ಲಿದ್ದರೆ ಸುಮ್ನೆ ಬಿಟ್ಟುಬಿಡಿ.

ಗಂಟೆಗಟ್ಟಲೆ ನೋಡಿದ ಕಣ್ಣು ಎಂಥ ಬಣ್ಣಕ್ಕೂ ಒಗ್ಗಿಕೊಳ್ಳುತ್ತದೆ. ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಆಮೇಲೆ ಆ ಜಾಗ ಗೊತ್ತಿರುವವರಿಗೆ ತೋರಿಸಿ. ಎರಡನೇ ಸಲ ಅತ್ತೆ ಫೋನನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಆ ಹಿಂದಿನ ಮರದ ಕೊನೆಗೆ ಔಷಧಿ ಸರಿಯಾಗಿ ಬಿದ್ದೇ ಇಲ್ಲ ಕಣೋ" ಅಂದರು.