ಲೋಲೋ ಹೆಸರು ಪಟ್ಟಿಯಲ್ಲಿ ಸಿಕ್ಕಿದ್ದು ಹೀಗೆ

"ಹೆಸರೇ ಇಲ್ಲ ಅಂತ ಬರೆದುಕೊಟ್ಟ ಮೇಲೆ ಮುಗೀತು. ಸುಮ್ನೆ ಯಾಕೆ ದುಡ್ಡು ಕಳೀತೀರಾ?" ಹಳೇ ದಾಖಲೆ ಹುಡುಕುವ ನಮ್ಮ ಬಳಗದಲ್ಲೇ ಇಬ್ಬರು ಹೀಗಂದರು. ಪಕ್ಕದ ಮನೆಯ ತಾತ ಎರಡನೇ ಮಹಾಯುದ್ಧದಲ್ಲಿ ಹೋರಾಡಿದವರು, ಆದರೆ ಯೋಧರ ಪಟ್ಟಿಯಲ್ಲಿ ಅವರ ಹೆಸರಿಲ್ಲ ಅಂತ ಅಮೆರಿಕ ಸರ್ಕಾರ ಹೇಳಿತ್ತು, ಆ ಹೆಸರನ್ನು ನಾನು ಹುಡುಕುತ್ತಿದ್ದೆ. ಇನ್ನೊಬ್ಬರು, 1973ರಲ್ಲಿ ಸೈನಿಕರ ಕಡತ ಇಡುವ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತಲ್ಲ, ಅದರಲ್ಲೇ ಸುಟ್ಟು ಹೋಗಿರುತ್ತೆ ಬಿಡಿ ಅಂದರು. ಸುಮಾರು ಹದಿನಾಲ್ಕು ತಿಂಗಳು ಹಿಡಿಯಿತು. ಹೆಸರು ಸಿಕ್ಕಿತು.

ಕ್ಯಾಲಿಫೋರ್ನಿಯಾದ ವಲೇಹೊದಲ್ಲಿ ನಮ್ಮ ಪಕ್ಕದ ಮನೆಯವರು ಫಿಲಿಪಿನೊಗಳು. ಮನೆಯ ತಾತನನ್ನು ಎಲ್ಲರೂ ಲೋಲೋ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಫಿಲಿಪೀನ್ಸಿನ ಪನಾಯ್ ದ್ವೀಪದ ಇಲೊಇಲೊ ಕಡೆಯವರು. 1942ರಲ್ಲಿ ಹದಿನೆಂಟರ ಹುಡುಗ. ಕರ್ನಲ್ ಮಕಾರಿಯೊ ಪೆರಾಲ್ಟಾ ಅವರ ಗೆರಿಲ್ಲಾ ಪಡೆ ಸೇರಿ, ಜಪಾನಿ ಸೈನ್ಯದ ವಿರುದ್ಧ ಕಾಡಲ್ಲೇ ಮೂರು ವರ್ಷ ಕಳೆದರು.

ಹಿನ್ನೆಲೆ ಇಷ್ಟು. ಫಿಲಿಪೀನ್ಸ್ ಆಗ ಅಮೆರಿಕದ ಅಧೀನದಲ್ಲಿತ್ತು. 1941ರ ಜುಲೈ 26ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಫಿಲಿಪೀನ್ಸ್ ಸೈನ್ಯವನ್ನು ಅಮೆರಿಕದ ಸೇವೆಗೆ ಕರೆದರು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಹೋರಾಡಿದರು. 1946ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿ, ಆ ಸೇವೆ ಮಾಜಿ ಸೈನಿಕರ ಸವಲತ್ತುಗಳ ಲೆಕ್ಕಕ್ಕೆ ಬರುವುದಿಲ್ಲ ಅಂದುಬಿಟ್ಟಿತು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ. 2009ರಲ್ಲಿ ಒಂದೇ ಸಲದ ಪರಿಹಾರ ಅಂತ ಕೊಟ್ಟರು. ಅಮೆರಿಕದ ಪ್ರಜೆಯಾಗಿದ್ದರೆ 15,000 ಡಾಲರ್, ಇಲ್ಲದಿದ್ದರೆ 9,000. ಲೋಲೋ ಅರ್ಜಿ ಹಾಕಿದರು. ಪಟ್ಟಿಯಲ್ಲಿ ಹೆಸರಿಲ್ಲ ಅಂತ ವಾಪಸ್ ಬಂತು. ಆಗ ಅವರಿಗೆ 85.

2017ರ ಅಕ್ಟೋಬರ್ 25ಕ್ಕೆ ವಾಷಿಂಗ್ಟನ್‌ನಲ್ಲಿ ಈ ಯೋಧರಿಗೆಲ್ಲ ಸೇರಿಸಿ ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಚಿನ್ನದ ಪದಕ ಕೊಟ್ಟರು. ಲೋಲೋ ಅದನ್ನು ಟಿವಿಯಲ್ಲಿ ನೋಡಿದರು. ಅದರ ಕಂಚಿನ ಪ್ರತಿಯನ್ನು ಒಬ್ಬೊಬ್ಬ ಯೋಧನಿಗೂ ಕೊಡುತ್ತಿದ್ದರು, ಆದರೆ ಅದಕ್ಕೂ ದಾಖಲೆ ಬೇಕು. ಆವಾಗ ನಾನು ಕೈ ಹಾಕಿದೆ.

ಮೊದಲು ಮಾಡಿದ್ದೆಲ್ಲ ದಂಡ. ದಾಖಲೆ ತೆಗೆಸಿಕೊಡುತ್ತೇನೆ ಅಂದ ಒಬ್ಬನಿಗೆ 300 ಡಾಲರ್ ಕೊಟ್ಟೆ. ಎರಡು ಇಮೇಲ್ ಬಂತು, ಆಮೇಲೆ ಆಸಾಮಿ ಪತ್ತೆ ಇಲ್ಲ. ಹಳೇ ಸೈನಿಕರ ಪಟ್ಟಿಗಳ ಸ್ಕ್ಯಾನ್ ಪುಟಗಳನ್ನು ಅಕ್ಷರ ಗುರುತಿಸುವ ಸಾಫ್ಟ್‌ವೇರ್‌ಗೆ ಹಾಕಿದೆ. ಕಾರ್ಬನ್ ಪ್ರತಿಯ ಮಸುಕು ಅಕ್ಷರ ಅದಕ್ಕೆ ಹತ್ತಲೇ ಇಲ್ಲ. ಲೋಲೋ ಹತ್ತಿರ ಸೈನ್ಯದ ಕಾಲದ ಒಂದು ಚೀಟಿ ಇತ್ತು, ನಾಲ್ಕಾಗಿ ಮಡಚಿ ಮಡಚಿ ಮಡಿಕೆಯಲ್ಲೇ ಹರಿದದ್ದು. ಕತ್ತಲ ಕೋಣೆಯಲ್ಲಿ ಪಕ್ಕದಿಂದ ಟಾರ್ಚ್ ಬಿಟ್ಟು ಫೋಟೊ ತೆಗೆದು, ಬಣ್ಣ ಉಲ್ಟಾ ಮಾಡಿದೆ. ಟೈಪ್‌ರೈಟರ್ ಒತ್ತಿದ ಗುರುತುಗಳು ಎದ್ದು ಬಂದವು. ಹೆಸರಿನ ಜಾಗ ಹರಿದಿತ್ತು. ಕಂಪನಿ, ಬೆಟಾಲಿಯನ್, ಅಂದರೆ ಅವರಿದ್ದ ಸೈನ್ಯದ ತುಕಡಿ ಯಾವುದು ಅನ್ನುವುದು ಮಾತ್ರ ಸಿಕ್ಕಿತು. ಈ ಟಾರ್ಚ್ ವಿದ್ಯೆಯನ್ನು ಆಮೇಲೆ ನಮ್ಮಜ್ಜಿ ಮನೆಯ ಹಳೇ ಕ್ರಯಪತ್ರದ ಮೇಲೂ ಮಾಡಿ ನೋಡಿದೆ. ಅದು ಶಾಯಿಯಲ್ಲಿ ಬರೆದದ್ದು, ಏನೂ ಏಳಲಿಲ್ಲ.

ದಾರಿ ಹೊಳೆದದ್ದು ನನ್ನ ಪಾಸ್‌ಪೋರ್ಟ್‌ನಿಂದ. ಇನಿಶಿಯಲ್ ಬಿಡಿಸಿ ಬರೆದು, ಅಪ್ಪನ ಹೆಸರು, ಊರ ಹೆಸರು ಎಲ್ಲ ಹಿಂದುಮುಂದಾಗಿ ನಾನು ಪಟ್ಟ ಪಾಡು ನಮ್ಮವರಿಗೆಲ್ಲ ಗೊತ್ತು ಅಲ್ವಾ? ಫಿಲಿಪಿನೊಗಳಲ್ಲಿ ನಡುವಿನ ಹೆಸರು ಅಮ್ಮನ ತವರಿನದು. ಸ್ಪ್ಯಾನಿಶ್ ಪದ್ಧತಿಯಲ್ಲಿ ಅದು ಕೊನೆಗೆ ಬರುತ್ತದೆ. ಗುಮಾಸ್ತ ಯಾವುದನ್ನು ಕುಲನಾಮ ಅಂತ ಬರೆದುಕೊಂಡನೋ ಯಾರಿಗೆ ಗೊತ್ತು? ಮೇಲಿಂದ ಅಲ್ಲಿನವರ ಮಾತಲ್ಲಿ ಫ ಅನ್ನುವುದು ಪ ಆಗುತ್ತದೆ, ವ ಅನ್ನುವುದು ಬ. ಫ್ಯಾನಿಗೆ ಪ್ಯಾನು ಅನ್ನುವ ಊರಿಂದ ಬಂದ ನನಗೆ ಇದು ಬೇಗ ಅರ್ಥವಾಯಿತು.

ಹಾಗಾಗಿ ಅವರ ಹೆಸರು ಹುಡುಕುವುದನ್ನೇ ಬಿಟ್ಟೆ. ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರ ಗೆರಿಲ್ಲಾ ದಳಗಳ ಕಡತಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದೆ. ಆ ಬೆಟಾಲಿಯನ್ನಿನ ಪಟ್ಟಿ ಇಳಿಸಿಕೊಂಡೆ, ನಾನೂರು ಪುಟದ ಆಸುಪಾಸು. ಭಾನುವಾರ ಮಧ್ಯಾಹ್ನ ಲೋಲೋ ಪಕ್ಕ ಕೂತು ಒಂದೊಂದೇ ಹೆಸರು ಗಟ್ಟಿಯಾಗಿ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ದಿನಕ್ಕೆ ಹದಿನೈದು ಪುಟ, ಅದಕ್ಕಿಂತ ಜಾಸ್ತಿಯಾದರೆ ಸುಸ್ತಾಗುತ್ತಿದ್ದರು. ಐದು ತಿಂಗಳ ಮೇಲೆ ಒಂದು ಹೆಸರಿಗೆ ನನ್ನ ಮೊಣಕೈ ಹಿಡಿದರು. "ತೋತೋ (ಮಗಾ), ನಿಲ್ಲು. ಇವನು ನನ್ನ ಪಕ್ಕ ಮಲಗುತ್ತಿದ್ದ. ಅನ್ನ ಮಾಡುತ್ತಿದ್ದವನು ಇವನೇ." ಅಲ್ಲಿಂದ ಮೂರು ಸಾಲು ಕೆಳಗೆ ಲೋಲೋ ಇದ್ದರು. ಅಮ್ಮನ ತವರಿನ ಹೆಸರು ಕುಲನಾಮವಾಗಿತ್ತು, ವ ಇರಬೇಕಾದಲ್ಲಿ ಬ ಇತ್ತು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ತೆಗೆಯಲಿಲ್ಲ.

ಎರಡು ಹೆಸರೂ ಒಬ್ಬರದೇ ಅಂತ ತೋರಿಸಲು ಇನ್ನೊಂದು ಕಾಗದ ಬೇಕಾಯಿತು. ಅದನ್ನು ಎಲ್ಲಿಂದ ತಂದೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ 300 ಡಾಲರ್ ತಿಂದವನಂಥವರು ನಾಳೆಯಿಂದಲೇ ಅದಕ್ಕೆ ರೇಟು ಕಟ್ಟುತ್ತಾರೆ. ಕುಟುಂಬದವರು ಕೇಳಿದರೆ ಪುಕ್ಕಟೆ ಹೇಳುತ್ತೇನೆ. ಸರಿಯಾದ ಹೆಸರು ಕೊಟ್ಟ ಮೇಲೆ ಸೇಂಟ್ ಲೂಯಿಸ್‌ನಿಂದ ಕಡತವೂ ಸಿಕ್ಕಿತು, ಬೆಂಕಿಯ ಮಾತು ಸುಳ್ಳಾಯಿತು. ಐದು ಪುಟ ದಾಟಿದ್ದರಿಂದ ಫೀಸು 70 ಡಾಲರ್. ಒಟ್ಟು ನನ್ನ ಕೈಯಿಂದ ಐನೂರರ ಹತ್ತಿರ ಹೋಯಿತು.

ಪರಿಹಾರದ ಅರ್ಜಿಗೆ ಕೊಟ್ಟದ್ದೇ ಒಂದು ವರ್ಷ. ಅದು 2010ರಲ್ಲೇ ಮುಗಿದಿತ್ತು, 15,000 ಸಿಗಲಿಲ್ಲ. ಪದಕ ಬಂತು. 95ರ ವಯಸ್ಸಲ್ಲಿ ಲೋಲೋ ಇಸ್ತ್ರಿ ಮಾಡಿದ ಬಿಳಿ ಬಾರೊಂಗ್ ಅಂಗಿ ಹಾಕಿ, ಯಾರ ಆಸರೆಯೂ ಇಲ್ಲದೆ ಎದ್ದು ನಿಂತು ಸೆಲ್ಯೂಟ್ ಹೊಡೆದು ಪದಕ ತೆಗೆದುಕೊಂಡರು. ವಾಪಸ್ ಬರುವಾಗ ಕಾರಲ್ಲಿ ಕೇಳಿದ್ದು ಒಂದೇ: "ಆ ಅಡುಗೆಯವನ ಮನೆಯವರಿಗೆ ಇದು ಸಿಕ್ಕಿದೆಯಾ?"

ಸಿಕ್ಕಿರಲಿಲ್ಲ. ಆ ಅಡುಗೆಯವನ ಮೊಮ್ಮಗಳು ಇಲೊಇಲೊದಲ್ಲೇ ಇದ್ದಾಳೆ. ಅವಳ ಪರವಾಗಿ ಕಡತಕ್ಕೆ ಬರೆದು ಹಾಕಿದ್ದೇನೆ, ಈ ಸಲ ಎರಡೂ ಹೆಸರು ಕೊಟ್ಟು.